ಸೇರಿದ ದಿನಾಂಕದ ಮೇಲೆ ನಿಂತ ವೃತ್ತಿ: ಪೈಲಟ್ ಉದ್ಯೋಗ ಮೇಳಗಳ ಹಿಂದಿನ ಮಾರುಕಟ್ಟೆ

ಇಪ್ಪತ್ತು ವರ್ಷ ಜೆಟ್ ವಿಮಾನ ನಡೆಸಿದ ಅಮೆರಿಕದ ಕ್ಯಾಪ್ಟನ್ ಒಬ್ಬರ ಕಂಪನಿ ಮುಚ್ಚಿತೆನ್ನಿ. ಬೇರೊಂದು ದೊಡ್ಡ ಕಂಪನಿ ಅವರನ್ನು ಸಂತೋಷದಿಂದಲೇ ಸೇರಿಸಿಕೊಳ್ಳಬಹುದು. ಆದರೆ ಅಲ್ಲಿ ಅವರಿಗೆ ಸಿಗುವುದು ಕ್ಯಾಪ್ಟನ್ ಕೂರುವ ಎಡಗಡೆಯ ಸೀಟಲ್ಲ. ಬಲಗಡೆಯ ಫಸ್ಟ್ ಆಫೀಸರ್ ಸೀಟು, ಮೊದಲ ವರ್ಷದವರ ಸಂಬಳ, ತಮ್ಮ ಮಕ್ಕಳ ವಯಸ್ಸಿನವರ ಜೊತೆ ಒಂದೇ ತರಬೇತಿ ಬ್ಯಾಚು. ವೈದ್ಯರಾಗಲಿ ಎಂಜಿನಿಯರಾಗಲಿ ಕೆಲಸ ಬದಲಿಸಿದಾಗ ಅನುಭವವನ್ನು ಜೊತೆಗೆ ಕೊಂಡೊಯ್ಯುತ್ತಾರೆ. ವಿಮಾನ ನಡೆಸುವವರು ಅದನ್ನು ಹಳೆಯ ಕಂಪನಿಯಲ್ಲೇ ಬಿಟ್ಟು ಬರಬೇಕಾಗುತ್ತದೆ.

ಪೈಲಟ್ ಉದ್ಯೋಗ ಮೇಳಗಳನ್ನು ಅರ್ಥಮಾಡಿಕೊಳ್ಳಲು ಈ ಒಂದು ಸಂಗತಿ ಸಾಕು. ಸೂಟು ತೊಟ್ಟು, ಮುದ್ರಿಸಿದ ರೆಸ್ಯೂಮೆಗಳ ಕಟ್ಟು ಹಿಡಿದು, ಯುನೈಟೆಡ್ ಅಥವಾ ಡೆಲ್ಟಾ ಮಳಿಗೆಯ ಮುಂದೆ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವವರಲ್ಲಿ ನಿರುದ್ಯೋಗಿಗಳು ಕಡಿಮೆ. ಬಹುಪಾಲು ಜನ ಆಗಲೇ ಎಲ್ಲೋ ವಿಮಾನ ನಡೆಸುತ್ತಿರುವವರು. ಅವರು ಅರಸುವುದು ಬೇಗನೆ ಸಿಗುವ ಸೇರ್ಪಡೆಯ ದಿನಾಂಕವನ್ನು. ಇಂದು ಸೇರುವುದಕ್ಕೂ ಆರು ತಿಂಗಳ ನಂತರ ಸೇರುವುದಕ್ಕೂ ನಡುವಿನ ಅಂತರ ನಿವೃತ್ತಿಯವರೆಗೂ ಉಳಿಯುತ್ತದೆ.

ಹಿರಿತನದ ಪಟ್ಟಿ

ಈ ವ್ಯವಸ್ಥೆಯ ಬೇರು 1930ರ ದಶಕದಲ್ಲಿದೆ. ಪೈಲಟ್‌ಗಳ ಸಂಘವಾದ ಏರ್ ಲೈನ್ ಪೈಲಟ್ಸ್ ಅಸೋಸಿಯೇಶನ್ 1931ರಲ್ಲಿ ಹುಟ್ಟಿತು. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಅದರ ಮೊದಲ ಒಪ್ಪಂದವಾಯಿತು. ಹವಾಮಾನ ಕೆಟ್ಟಿದೆ, ಹಾರುವುದಿಲ್ಲ ಎಂದ ಪೈಲಟ್‌ನನ್ನು ಮ್ಯಾನೇಜರು ಕೆಲಸದಿಂದ ತೆಗೆಯಬಹುದಾಗಿದ್ದ ಕಾಲ ಅದು. ಮ್ಯಾನೇಜರನ ಮರ್ಜಿಯಿಂದ ಪಾರಾಗಲು ರೈಲ್ವೆ ನೌಕರರಂತೆ ಪೈಲಟ್‌ಗಳೂ ಸೇವಾ ಹಿರಿತನದ ಮೊರೆ ಹೋದರು. ಯಾರು ಯಾವ ವಿಮಾನ ನಡೆಸಬೇಕು, ಯಾವ ಊರಿನಲ್ಲಿ ನೆಲೆಸಬೇಕು, ಯಾರಿಗೆ ದೀಪಾವಳಿಗೋ ಕ್ರಿಸ್‌ಮಸ್ಸಿಗೋ ರಜೆ, ಯಾರು ಕ್ಯಾಪ್ಟನ್ ಆಗಬೇಕು ಎಂಬುದನ್ನೆಲ್ಲ ಕಂಪನಿಗೆ ಸೇರಿದ ದಿನಾಂಕವೇ ತೀರ್ಮಾನಿಸತೊಡಗಿತು. ಆರ್ಥಿಕ ಕುಸಿತ ಬಂದಾಗ ಮನೆಗೆ ಹೋಗುವವರು ಪಟ್ಟಿಯ ಕೊನೆಯವರು. ಹಾಗೆ ಸಂಬಳವಿಲ್ಲದೆ ಮನೆಗೆ ಕಳಿಸಿ, ದಿನ ಸುಧಾರಿಸಿದ ಮೇಲೆ ಅದೇ ಕ್ರಮದಲ್ಲಿ ಹಿಂದಕ್ಕೆ ಕರೆಯುವುದಕ್ಕೆ ಅಲ್ಲಿ ‘ಫರ್ಲೋ’ ಎನ್ನುತ್ತಾರೆ.

ವ್ಯವಸ್ಥೆ ನ್ಯಾಯಯುತವಾಗಿತ್ತು, ಸುರಕ್ಷತೆಗೂ ಒಳ್ಳೆಯದಾಗಿತ್ತು. ಆದರೆ ಪ್ರತಿ ಕಂಪನಿಗೂ ಅದರದೇ ಪಟ್ಟಿ. ಇಡೀ ದೇಶಕ್ಕೆ ಒಂದೇ ಪಟ್ಟಿ ಇರಲಿ ಎಂಬ ಪ್ರಸ್ತಾಪ ಮತ್ತೆ ಮತ್ತೆ ಬಂತು, ಒಮ್ಮೆಯೂ ಕೈಗೂಡಲಿಲ್ಲ. ಹಾಗಾಗಿ ಯಾವ ಕಂಪನಿಗೆ, ಯಾವ ವರ್ಷ ಸೇರಿದೆ ಎಂಬುದು ಪೈಲಟ್‌ನ ಬದುಕಿನ ಅತಿ ದೊಡ್ಡ ಪಣವಾಯಿತು.

ಯಾರಿಗೆ ತೆರೆದಿದ್ದ ಬಾಗಿಲು

ಎರಡನೇ ಮಹಾಯುದ್ಧದ ನಂತರದ ಮೂರು ದಶಕ ನೇಮಕಾತಿಗೆ ಮೇಳಗಳ ಅಗತ್ಯವೇ ಇರಲಿಲ್ಲ. ಸೇನೆ ಸರ್ಕಾರದ ಖರ್ಚಿನಲ್ಲಿ ಪೈಲಟ್‌ಗಳನ್ನು ತಯಾರು ಮಾಡುತ್ತಿತ್ತು, ಕಂಪನಿಗಳು ಅವರನ್ನು ಸೇರಿಸಿಕೊಳ್ಳುತ್ತಿದ್ದವು. ಪರಿಚಯ, ಶಿಫಾರಸು, ಒಂದು ಪತ್ರ ಇದ್ದರೆ ಸಾಕಿತ್ತು. ಹೀಗೆ ಪರಿಚಯದ ಮೇಲೆ ನಡೆಯುವ ಮಾರುಕಟ್ಟೆಯಲ್ಲಿ ಪರಿಚಯವಿಲ್ಲದವರು ಹೊರಗೇ ಉಳಿದರು.

ಮಾರ್ಲನ್ ಗ್ರೀನ್ ವಾಯುಪಡೆಯ ಅನುಭವಿ ಪೈಲಟ್, ಕಪ್ಪು ವರ್ಣೀಯರು. 1957ರಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್‌ಗೆ ಅರ್ಜಿ ಹಾಕುವಾಗ ಜನಾಂಗ ಕೇಳಿದ ಅಂಕಣವನ್ನು ಖಾಲಿ ಬಿಟ್ಟು, ಫೋಟೊ ಅಂಟಿಸದೆ ಕಳಿಸಿದರು. ಸಂದರ್ಶನಕ್ಕೆ ಕರೆ ಬಂತು. ಅವರಿಗಿಂತ ಕಡಿಮೆ ಅನುಭವದ ಬಿಳಿಯರಿಗೆ ಕೆಲಸ ಸಿಕ್ಕಿತು, ಅವರಿಗೆ ಸಿಗಲಿಲ್ಲ. ಅವರು ಕಾನೂನು ಹೋರಾಟಕ್ಕಿಳಿದರು. 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರವಾಗಿ ತೀರ್ಪು ಕೊಟ್ಟಿತು. ಅಷ್ಟಾದರೂ ಅವರು ಕಾಂಟಿನೆಂಟಲ್ ಸೇರಲು 1965 ಬರಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲೇ ಇನ್ನೊಬ್ಬ ಕಪ್ಪು ವರ್ಣೀಯ ಪೈಲಟ್ ಡೇವಿಡ್ ಹ್ಯಾರಿಸ್ ಅಮೆರಿಕನ್ ಏರ್‌ಲೈನ್ಸ್ ಸೇರಿದ್ದರು. ಡೆನ್ವರ್‌ನಲ್ಲಿ ಹಾರಾಟ ಕಲಿಸುತ್ತಿದ್ದ ಮಹಿಳೆ ಎಮಿಲಿ ಹೊವೆಲ್ ವಾರ್ನರ್ ತಮ್ಮ ಶಿಷ್ಯರೆಲ್ಲ ಏರ್‌ಲೈನ್ ಸೇರುವುದನ್ನು ವರ್ಷಗಟ್ಟಲೆ ನೋಡಿದರು. 1973ರಲ್ಲಿ ಅಂದಿನ ಫ್ರಾಂಟಿಯರ್ ಏರ್‌ಲೈನ್ಸ್ ಕೊನೆಗೂ ಅವರಿಗೆ ಸಮವಸ್ತ್ರ ಕೊಟ್ಟಿತು.

ಇಂದಿನ ಮೇಳಗಳಿಗೂ ಈ ಹೋರಾಟಗಳಿಗೂ ನೇರ ಸಂಬಂಧವಿದೆ. 1976ರಲ್ಲಿ ಕಪ್ಪು ವರ್ಣೀಯ ಪೈಲಟ್‌ಗಳು ಒಬಾಪ್ ಎಂದು ಕರೆಯಲ್ಪಡುವ ಸಂಘಟನೆ ಕಟ್ಟಿದರು. 1990ರ ಆಸುಪಾಸಿನಲ್ಲಿ ಸಲಿಂಗಿ ಪೈಲಟ್‌ಗಳ ಸಂಘ ಬಂತು, 1994ರಲ್ಲಿ ವಿಮೆನ್ ಇನ್ ಏವಿಯೇಶನ್ ಇಂಟರ್‌ನ್ಯಾಷನಲ್ ಸ್ಥಾಪನೆಯಾಯಿತು. ಪರಸ್ಪರ ಧೈರ್ಯ ತುಂಬಲು ಆರಂಭವಾದ ಇವುಗಳ ವಾರ್ಷಿಕ ಸಮಾವೇಶಗಳಿಗೆ ಕಂಪನಿಗಳು ಮಳಿಗೆ ಹಾಕತೊಡಗಿದವು. ಈಗ ಪೈಲಟ್ ನೇಮಕಾತಿಯ ದೊಡ್ಡ ಸಂತೆಗಳು ಇವೇ. ಸಂಘಟನೆಯ ಉದ್ದೇಶಕ್ಕೆ ಸೇರದವರೂ ಪ್ರವೇಶ ಶುಲ್ಕ ಕೊಟ್ಟು ಬರುತ್ತಾರೆ. ಆದರೂ ಅಮೆರಿಕದಲ್ಲಿ ಏರ್‌ಲೈನ್ ದರ್ಜೆಯ ಲೈಸೆನ್ಸ್ ಇರುವವರಲ್ಲಿ ಮಹಿಳೆಯರ ಪಾಲು ಇಂದಿಗೂ ನೂರಕ್ಕೆ ಐದರ ಸುತ್ತಮುತ್ತಲೇ ಇದೆ.

ಏಳುಬೀಳಿನ ಕಾಲ

1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ದರ ಮತ್ತು ಮಾರ್ಗಗಳ ಮೇಲಿನ ಸರ್ಕಾರಿ ನಿಯಂತ್ರಣವನ್ನು ತೆಗೆಯಿತು. ಟಿಕೆಟ್ ಅಗ್ಗವಾಯಿತು, ಪ್ರಯಾಣಿಕರು ಹೆಚ್ಚಿದರು, ಹೊಸ ಕಂಪನಿಗಳು ಹುಟ್ಟಿದವು, ಹಳೆಯವು ಬಿದ್ದವು. ಬ್ರಾನಿಫ್ 1982ರಲ್ಲಿ ನಿಂತಿತು. 1991ರ ಒಂದೇ ವರ್ಷದಲ್ಲಿ ಈಸ್ಟರ್ನ್ ಮತ್ತು ಪ್ಯಾನ್ ಆಮ್ ಎರಡೂ ಮುಚ್ಚಿ, ಸಾವಿರಾರು ಅನುಭವಿ ಪೈಲಟ್‌ಗಳು ಬೇರೆ ಕಂಪನಿಗಳ ಪಟ್ಟಿಯ ತಳಕ್ಕೆ ಬಂದು ನಿಂತರು. ಹೊಸಬರಿಗೆ ಕಡಿಮೆ ಸಂಬಳದ ಪ್ರತ್ಯೇಕ ದರಪಟ್ಟಿಯೂ 1980ರ ದಶಕದಲ್ಲೇ ಬಂತು.

ಅನಿಶ್ಚಿತತೆ ಬೆಳೆದಂತೆ ಮಾಹಿತಿಗೆ ಬೆಲೆ ಬಂತು. ಯಾವ ಕಂಪನಿ ಎಷ್ಟು ಜನರನ್ನು ತೆಗೆದುಕೊಳ್ಳುತ್ತಿದೆ, ಎಷ್ಟು ಗಂಟೆಗಳ ಹಾರಾಟ ಕೇಳುತ್ತಿದೆ, ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂಬುದನ್ನು ಕಲೆಹಾಕಿ ಕೊಡುವ ಸಂಸ್ಥೆಗಳು ಅಟ್ಲಾಂಟಾದಲ್ಲಿ ತಲೆ ಎತ್ತಿದವು. ಫಾಪಾ ಮತ್ತು ಯುನೈಟೆಡ್ ಕಂಪನಿಯ ಪೈಲಟ್ ಆಗಿದ್ದ ಕಿಟ್ ಡಾರ್ಬಿ ಅವರ ಏರ್ ಇಂಕ್ ಅವುಗಳಲ್ಲಿ ಹೆಸರಾದವು. ಹೋಟೆಲಿನ ಸಭಾಂಗಣದಲ್ಲಿ ಕಂಪನಿಗಳನ್ನೂ ಅಭ್ಯರ್ಥಿಗಳನ್ನೂ ಎದುರುಬದುರು ಕೂರಿಸುವ ಪೈಲಟ್ ಮೇಳದ ರೂಪ ಇಂಥ ಸಂಸ್ಥೆಗಳ ಕೈಯಲ್ಲಿ ಗಟ್ಟಿಯಾಯಿತು. ಅರ್ಜಿಗಳು ಆನ್‌ಲೈನ್ ಆದ ಮೇಲೆ ಮೇಳ ನಿಲ್ಲಬೇಕಿತ್ತು. ಆದದ್ದು ಬೇರೆ. ಒಂದೇ ಲೈಸೆನ್ಸ್, ಒಂದೇ ಬಗೆಯ ಗಂಟೆಗಳು, ಒಂದೇ ತೆರನ ಲಾಗ್‌ಬುಕ್ ಇರುವ ಸಾವಿರಾರು ಅರ್ಜಿಗಳನ್ನು ಕಂಪ್ಯೂಟರ್ ಬೇರ್ಪಡಿಸಲಾರದು. ಮಳಿಗೆಯಲ್ಲಿ ಐದು ನಿಮಿಷ ಮಾತಾಡಿದ ಅಧಿಕಾರಿ ಒಂದು ಗುರುತು ಹಾಕಿದರೆ ಅರ್ಜಿ ರಾಶಿಯಿಂದ ಮೇಲೆ ಬರುತ್ತದೆ. ಹನ್ನೆರಡು ಗಂಟೆ ಚಿಕ್ಕ ಕಾಕ್‌ಪಿಟ್‌ನಲ್ಲಿ ಈ ವ್ಯಕ್ತಿಯ ಪಕ್ಕ ಕೂರಬಹುದೇ, ಕ್ಯಾಪ್ಟನ್ ತಪ್ಪು ಮಾಡುವಾಗ ಇವರು ಬಾಯಿ ಬಿಟ್ಟು ಹೇಳುವರೇ ಎಂಬುದನ್ನು ಅಂದಾಜು ಮಾಡಲು ಮುಖಾಮುಖಿ ಮಾತಿಗಿಂತ ಉತ್ತಮ ದಾರಿ ಇನ್ನೂ ಸಿಕ್ಕಿಲ್ಲ.

ಕಳೆದುಹೋದ ದಶಕ

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಸಾವಿರಾರು ಪೈಲಟ್‌ಗಳು ಫರ್ಲೋ ಆದರು. 2002ರಲ್ಲಿ ಯುನೈಟೆಡ್, 2005ರಲ್ಲಿ ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ದಿವಾಳಿ ರಕ್ಷಣೆ ಕೋರಿದವು. ಸಂಬಳ ಕಡಿತವಾಯಿತು, ಯುನೈಟೆಡ್‌ನ ಪಿಂಚಣಿ ಯೋಜನೆಯೇ ಕೊನೆಗೊಂಡಿತು. 1960ರಿಂದ ಜಾರಿಯಲ್ಲಿದ್ದ 60 ವರ್ಷದ ನಿವೃತ್ತಿ ವಯಸ್ಸನ್ನು 2007ರ ಡಿಸೆಂಬರ್‌ನಲ್ಲಿ 65ಕ್ಕೆ ಏರಿಸಿದಾಗ ಹಿರಿಯರಿಗೆ ಕಳೆದ ಪಿಂಚಣಿಯ ಸ್ವಲ್ಪ ಭಾಗ ದುಡಿದುಕೊಳ್ಳಲು ಅವಕಾಶವಾಯಿತು. ಕಿರಿಯರ ಪಾಲಿಗೆ ಐದು ವರ್ಷ ನಿವೃತ್ತಿಯಿಂದ ಸೀಟು ಖಾಲಿಯಾಗುವುದು ಬಹುತೇಕ ನಿಂತಿತು. ಮರುವರ್ಷವೇ ಜಾಗತಿಕ ಆರ್ಥಿಕ ಕುಸಿತ. ಆ ತಲೆಮಾರಿನವರು ಆ ಕಾಲವನ್ನು ‘ಕಳೆದುಹೋದ ದಶಕ’ ಎಂದೇ ಕರೆಯುತ್ತಾರೆ. ಅದೇ ಕಾಲದಲ್ಲಿ ಕೊಲ್ಲಿ ರಾಷ್ಟ್ರಗಳ ಮತ್ತು ಚೀನಾದ ಕಂಪನಿಗಳು ಊರೂರಿಗೆ ಬಂದು ಅನುಭವಿ ಕ್ಯಾಪ್ಟನ್‌ಗಳನ್ನು ಆರಿಸಿಕೊಂಡು ಹೋದವು.

ಈ ಬವಣೆಯ ತಳದಲ್ಲಿದ್ದವರು ದೊಡ್ಡ ಕಂಪನಿಗಳ ಹೆಸರಿನಲ್ಲಿ ಚಿಕ್ಕ ವಿಮಾನ ನಡೆಸುವ ರೀಜನಲ್ ಏರ್‌ಲೈನ್‌ಗಳ ಯುವ ಪೈಲಟ್‌ಗಳು. 2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕ್‌ನಿಂದ ಹೊರಟ ಕೋಲ್ಗನ್ ಏರ್ 3407 ಬಫಲೊ ನಗರದ ಬಳಿ ಬಿದ್ದು 50 ಜನ ಸತ್ತರು. ವಿಮಾನ ವೇಗ ಕಳೆದುಕೊಂಡಾಗ ಕ್ಯಾಪ್ಟನ್ ಮಾಡಬಾರದ್ದನ್ನು ಮಾಡಿದ್ದು ಕಾರಣವೆಂದು ತನಿಖೆ ಹೇಳಿತು. ಆದರೆ ದೇಶವನ್ನು ಕಲಕಿದ್ದು ವಿಚಾರಣೆಯಲ್ಲಿ ಹೊರಬಂದ ಬದುಕಿನ ವಿವರಗಳು. ಫಸ್ಟ್ ಆಫೀಸರ್ ಸಿಯಾಟಲ್ ಬಳಿ ತಂದೆತಾಯಿಯ ಮನೆಯಲ್ಲಿದ್ದು, ಕೆಲಸಕ್ಕಾಗಿ ರಾತ್ರಿಯಿಡೀ ದೇಶದ ಇನ್ನೊಂದು ತುದಿಗೆ ಪ್ರಯಾಣ ಮಾಡಿ ಬಂದಿದ್ದರು.

ಮೃತರ ಕುಟುಂಬಗಳ ಪಟ್ಟುಬಿಡದ ಒತ್ತಾಯದಿಂದ 2010ರಲ್ಲಿ ಕಾನೂನು ಬಂತು. 2013ರಿಂದ ಏರ್‌ಲೈನ್‌ನ ಫಸ್ಟ್ ಆಫೀಸರ್‌ಗೂ 1500 ಗಂಟೆಗಳ ಹಾರಾಟ ಕಡ್ಡಾಯವಾಯಿತು. ಸೇನೆಯಿಂದ ಬಂದವರಿಗೆ 750, ವಿಮಾನಯಾನ ಪದವಿ ಇದ್ದವರಿಗೆ 1000 ಗಂಟೆ ಸಾಕು. ಬಿದ್ದ ವಿಮಾನದ ಇಬ್ಬರಿಗೂ 1500ಕ್ಕಿಂತ ಹೆಚ್ಚು ಗಂಟೆಗಳಿದ್ದವು, ಆದ್ದರಿಂದ ಈ ಅಂಕಿಯ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಮಾರುಕಟ್ಟೆಯ ಮೇಲೆ ಅದರ ಪರಿಣಾಮ ಮಾತ್ರ ನಿಚ್ಚಳ. ಲಕ್ಷ ಡಾಲರ್ ಆಸುಪಾಸು ಖರ್ಚು ಮಾಡಿ ಲೈಸೆನ್ಸ್ ಪಡೆದವರು ಇನ್ನೂ ಒಂದೆರಡು ವರ್ಷ ಹಾರಾಟ ಕಲಿಸುತ್ತಲೋ ಬ್ಯಾನರ್ ಎಳೆಯುತ್ತಲೋ ಗಂಟೆ ಕೂಡಿಸಬೇಕಾಯಿತು.

ಕೊರತೆಯಿಂದ ತಡೆಗೆ

2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದಾಗಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆ ದಾಟುವ ಪ್ರಯಾಣಿಕರ ಸಂಖ್ಯೆ ದಿನಕ್ಕೆ 20 ಲಕ್ಷದಿಂದ ಒಂದು ಲಕ್ಷಕ್ಕಿಂತ ಕೆಳಗೆ ಬಂತು. ಸರ್ಕಾರ ಸಂಬಳಕ್ಕೆ ಹಣ ಕೊಟ್ಟಿತು. ಆದರೂ ಕಂಪನಿಗಳು ಹಿರಿಯರಿಗೆ ಹಣ ಕೊಟ್ಟು ಮುಂಚಿತ ನಿವೃತ್ತಿಗೆ ಒಪ್ಪಿಸಿದವು; ಡೆಲ್ಟಾ ಒಂದರಲ್ಲೇ ಸುಮಾರು 1800 ಪೈಲಟ್‌ಗಳು ಹೊರನಡೆದರು. ಎರಡು ವರ್ಷದಲ್ಲಿ ಪ್ರಯಾಣಿಕರು ಹಿಂತಿರುಗಿದಾಗ ಸೀಟಿನಲ್ಲಿ ಕೂರುವವರಿರಲಿಲ್ಲ.

2022ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳು 12 ಸಾವಿರಕ್ಕೂ ಹೆಚ್ಚು ಪೈಲಟ್‌ಗಳನ್ನು ಸೇರಿಸಿಕೊಂಡವು. ಆ ವರ್ಷದ ಮಾರ್ಚ್‌ನಲ್ಲಿ ರೀಜನಲ್ ಕಂಪನಿಯಾದ ಸ್ಕೈವೆಸ್ಟ್, ಪೈಲಟ್ ಕೊರತೆಯಿಂದ 29 ಸಣ್ಣ ಊರುಗಳ ಸೇವೆ ನಿಲ್ಲಿಸುವುದಾಗಿ ಹೇಳಿತು. ಜೂನ್‌ನಲ್ಲಿ ಇನ್ನೆರಡು ರೀಜನಲ್ ಕಂಪನಿಗಳಾದ ಎನ್ವಾಯ್ ಮತ್ತು ಪೀಡ್‌ಮಾಂಟ್ ಹೊಸಬರಿಗೆ ಗಂಟೆಗೆ 90 ಡಾಲರ್ ಘೋಷಿಸಿದವು. 2023ರಲ್ಲಿ ಡೆಲ್ಟಾ ನಾಲ್ಕು ವರ್ಷಗಳಲ್ಲಿ ಶೇ. 34ರಷ್ಟು ಏರಿಕೆಗೆ ಒಪ್ಪಿತು, ಅಮೆರಿಕನ್ ಮತ್ತು ಯುನೈಟೆಡ್ ಅದೇ ಹಾದಿ ಹಿಡಿದವು. ಕಂಪನಿಗಳು ಇದನ್ನು ಕೊರತೆ ಎಂದವು. ಪೈಲಟ್ ಸಂಘವು ಇದು ಸಂಬಳದ ಕೊರತೆಯೇ ಹೊರತು ಪೈಲಟ್‌ಗಳ ಕೊರತೆಯಲ್ಲ ಎಂದು ವಾದಿಸಿತು. ಸಂಬಳ ಏರಿದೊಡನೆ ರೀಜನಲ್‌ಗಳಿಗೆ ಅಭ್ಯರ್ಥಿಗಳು ಸಿಗತೊಡಗಿದ್ದು ಸಂಘದ ವಾದಕ್ಕೆ ಬಲ ಕೊಡುತ್ತದೆ.

ಆ ಏರುಗಾಲದಲ್ಲಿ ಸಾಲ ಮಾಡಿ ಹಾರಾಟ ಕಲಿತವರ ಕೈಗೆ 1500 ಗಂಟೆ ಬರುವ ಹೊತ್ತಿಗೆ ಗಾಳಿ ತಿರುಗಿತ್ತು. 2024ರ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್‌ನ ಬಳಸದ ಬಾಗಿಲಿನ ಜಾಗ ಮುಚ್ಚಿದ್ದ ಫಲಕ ಹಾರಾಟದಲ್ಲೇ ಕಿತ್ತುಹೋಯಿತು. ಬೋಯಿಂಗ್ ವಿಮಾನಗಳ ಪೂರೈಕೆ ನಿಧಾನವಾಯಿತು. ಯುನೈಟೆಡ್ ಆ ಬೇಸಿಗೆಗೆ ಮುನ್ನ ಹೊಸ ಬ್ಯಾಚುಗಳನ್ನು ತಡೆಹಿಡಿಯಿತು, ಸೌತ್‌ವೆಸ್ಟ್ ನೇಮಕ ನಿಲ್ಲಿಸಿತು, ಸ್ಪಿರಿಟ್ ನೂರಾರು ಪೈಲಟ್‌ಗಳನ್ನು ಫರ್ಲೋ ಮಾಡಿ ನವೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಹೋಯಿತು. ಎರಡು ವರ್ಷ ಮೊದಲು ಕಂಪನಿಗಳು ಕೈಬೀಸಿ ಕರೆಯುತ್ತಿದ್ದ ಮೇಳಗಳಲ್ಲಿ ಅಭ್ಯರ್ಥಿಗಳ ಸಾಲು ಉದ್ದವಾಯಿತು.

ಅಡಿಕೆಗೆ ಬೆಲೆ ಬಂದ ವರ್ಷ ಎಲ್ಲರೂ ಸಸಿ ನೆಡುತ್ತಾರೆ. ಫಸಲು ಕೈಗೆ ಬರುವಾಗ ಬೆಲೆ ಯಾವ ಮಟ್ಟದಲ್ಲಿರುತ್ತದೋ ನೆಟ್ಟವನಿಗೆ ಗೊತ್ತಿರುವುದಿಲ್ಲ. ಪೈಲಟ್ ಮಾರುಕಟ್ಟೆಯ ಕಷ್ಟವೂ ಇದೇ. ಬೇಡಿಕೆ ಒಂದು ತಿಂಗಳಲ್ಲಿ ಬದಲಾಗುತ್ತದೆ, ಪೈಲಟ್ ತಯಾರಾಗಲು ವರ್ಷಗಳು ಬೇಕು.

ನಮ್ಮ ನೆಲದಲ್ಲಿ

ಇದು ಅಮೆರಿಕಕ್ಕಷ್ಟೇ ಸೇರಿದ ಕಥೆಯಲ್ಲ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹಾರತೊಡಗಿ, 2005ರಲ್ಲಿ ಕಿಂಗ್‌ಫಿಷರ್ ಬಂದಾಗ ಭಾರತದಲ್ಲಿ ಕ್ಯಾಪ್ಟನ್‌ಗಳ ಅಭಾವ ಎಷ್ಟಿತ್ತೆಂದರೆ ವಿದೇಶಿಯರನ್ನು ಕರೆತರಬೇಕಾಯಿತು. ಆ ಉತ್ಸಾಹ ನೋಡಿ ಸಾಲ ಮಾಡಿ ಲೈಸೆನ್ಸ್ ಪಡೆದ ನೂರಾರು ಯುವಕರು 2008ರ ನಂತರ ವರ್ಷಗಟ್ಟಲೆ ಕೆಲಸವಿಲ್ಲದೆ ಕುಳಿತರು. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್ ನೆಲಕ್ಕಿಳಿದವು.

2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಅದೇ ವರ್ಷ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ 1622 ಕಮರ್ಷಿಯಲ್ ಲೈಸೆನ್ಸ್‌ಗಳನ್ನು ಕೊಟ್ಟಿತು. ನಮ್ಮಲ್ಲಿ 200 ಗಂಟೆಗಳ ಹಾರಾಟಕ್ಕೆ ಲೈಸೆನ್ಸ್ ಸಿಗುವುದರಿಂದ ಬಲಗಡೆಯ ಸೀಟಿಗೆ ಅಭ್ಯರ್ಥಿಗಳು ಧಾರಾಳ, ಎಡಗಡೆಯ ಸೀಟಿಗೆ ಕೊರತೆ. ಕ್ಯಾಪ್ಟನ್ ಒಂದು ವರ್ಷ, ಫಸ್ಟ್ ಆಫೀಸರ್ ಆರು ತಿಂಗಳು ನೋಟಿಸ್ ಕೊಡಬೇಕೆಂಬ 2017ರ ನಿಯಮ ಬಂದದ್ದು ಪೈಲಟ್‌ಗಳಿಗಾಗಿ ಕಂಪನಿಗಳು ನಡೆಸುವ ಎಳೆದಾಟದಿಂದಲೇ. ಅದನ್ನು ಪಾಲಿಸದೆ ಪೈಲಟ್‌ಗಳು ಬಿಟ್ಟುಹೋದರೆಂದು 2023ರಲ್ಲಿ ಆಕಾಸಾ ವಿಮಾನಯಾನ ಕಂಪನಿ ಕೋರ್ಟಿನ ಮೆಟ್ಟಿಲೇರಿತು. 2025ರ ಡಿಸೆಂಬರ್‌ನಲ್ಲಿ ಹೊಸ ವಿಶ್ರಾಂತಿ ನಿಯಮಗಳಿಗೆ ತಕ್ಕಷ್ಟು ಪೈಲಟ್‌ಗಳಿಲ್ಲದೆ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದವು. ಮಹಿಳೆಯರ ವಿಷಯದಲ್ಲಿ ಮಾತ್ರ ನಾವು ಹೆಮ್ಮೆಪಡಬಹುದು: ನಮ್ಮ ಪೈಲಟ್‌ಗಳಲ್ಲಿ ಅವರು ಸುಮಾರು ಶೇ. 15, ಅಮೆರಿಕಕ್ಕಿಂತ ಬಹಳ ಮುಂದೆ.

ಆಗಬೇಕಾದದ್ದು

ಈ ದೀರ್ಘ ಇತಿಹಾಸದಲ್ಲಿ ಒಂದು ಅನ್ಯಾಯ ಎದ್ದು ಕಾಣುತ್ತದೆ. ಹಿಂದೆ ಪೈಲಟ್ ತಯಾರಿಯ ಖರ್ಚು ಸೇನೆಯದಾಗಿತ್ತು. ಈಗ ಅದು ಇಪ್ಪತ್ತು ವರ್ಷದ ಹುಡುಗ ಹುಡುಗಿಯರ ಮೇಲೆ, ಅವರಿಗಾಗಿ ಮನೆ ಜಮೀನು ಅಡವಿಟ್ಟ ತಂದೆತಾಯಿಯರ ಮೇಲೆ ಬಿದ್ದಿದೆ. ಏರುಗಾಲದ ಲಾಭ ಕಂಪನಿಗೆ, ಇಳಿಗಾಲದ ನಷ್ಟ ಪಟ್ಟಿಯ ಕೊನೆಯವರಿಗೆ.

ಇದನ್ನು ಸರಿಪಡಿಸುವ ದಾರಿ ಕಾಣದೇ ಇಲ್ಲ. ಯುನೈಟೆಡ್ 2022ರಲ್ಲಿ ಅರಿಜೋನಾದಲ್ಲಿ ತನ್ನದೇ ತರಬೇತಿ ಶಾಲೆ ತೆರೆಯಿತು. ಅಂಥ ಶಾಲೆಗಳಲ್ಲಿ ಖರ್ಚಿನ ದೊಡ್ಡ ಪಾಲನ್ನು ಕಂಪನಿಯೇ ಹೊತ್ತು, ಇಳಿಗಾಲದಲ್ಲೂ ಬ್ಯಾಚು ನಿಲ್ಲಿಸದಿದ್ದರೆ ಮುಂದಿನ ಏರುಗಾಲಕ್ಕೆ ಪೈಲಟ್‌ಗಳು ಸಿದ್ಧವಿರುತ್ತಾರೆ. ತಮ್ಮ ಕಂಪನಿ ಮುಚ್ಚಿಹೋದವರಿಗೆ ಹೊಸ ಪಟ್ಟಿಯಲ್ಲಿ ಅನುಭವದ ಒಂದಷ್ಟು ಭಾಗವನ್ನಾದರೂ ಲೆಕ್ಕಕ್ಕೆ ಹಿಡಿಯುವಂತೆ ಸಂಘಗಳು ಒಪ್ಪಬೇಕು. ಮೇಳ ನಡೆಸುವವರು ಮಳಿಗೆಯ ಮುಂದೆ ಬಣ್ಣದ ಬ್ರೋಷರಿನ ಜೊತೆ ಮೂರು ಲೆಕ್ಕಗಳನ್ನೂ ಇಡಬೇಕು: ಮುಂದಿನ ಐದು ವರ್ಷದಲ್ಲಿ ಎಷ್ಟು ಜನ ನಿವೃತ್ತರಾಗುತ್ತಾರೆ, ಎಷ್ಟು ವಿಮಾನ ನಿಜವಾಗಿ ಕೈಗೆ ಬರುತ್ತವೆ, ಇಷ್ಟು ವರ್ಷ ಕೆಲಸ ಬಿಡುವುದಿಲ್ಲವೆಂದು ಬರೆದುಕೊಟ್ಟ ಬಾಂಡ್ ಮುರಿದರೆ ಎಷ್ಟು ಕಟ್ಟಬೇಕು. ಜಕ್ಕೂರಿನಲ್ಲಿ ಹಾರಾಟ ಕಲಿಯುವ ವಿದ್ಯಾರ್ಥಿಗೂ ಬ್ಯಾಂಕಿನ ಸಾಲದ ಕಾಗದಕ್ಕೆ ಸಹಿ ಹಾಕುವ ಅವರ ತಂದೆಗೂ ಈ ಮೂರು ಉತ್ತರಗಳನ್ನು ಕೇಳುವ ಹಕ್ಕಿದೆ. ಉತ್ತರ ಕೊಡದ ಕಂಪನಿಯ ಮಳಿಗೆಯಲ್ಲಿ ಸಾಲು ನಿಲ್ಲುವ ಮೊದಲು ಅವರು ಎರಡು ಸಲ ಯೋಚಿಸಬೇಕು.