ಹೆದ್ದಾರಿ ಬಿಟ್ಟುಕೊಟ್ಟ ದಾರಿಗಳು

ಹೈದರಾಬಾದಿನಿಂದ ಸೊಲ್ಲಾಪುರ, ಪುಣೆಯ ಕಡೆ ಹೊರಟ ಲಾರಿಗಳು ಹುಮನಾಬಾದನ್ನು ದಾಟಿ, ಬಸವಕಲ್ಯಾಣ ಪಟ್ಟಣವನ್ನು ಬಲಕ್ಕೆ ಬಿಟ್ಟು, ಬಂಗ್ಲಾ ಕ್ರಾಸ್ ಹಾದು ಮಹಾರಾಷ್ಟ್ರದ ಗಡಿಯತ್ತ ಓಡುತ್ತವೆ. ರಾಷ್ಟ್ರೀಯ ಹೆದ್ದಾರಿ 65 ಎಂದರೆ ಇದೇ. ಹಳಬರ ಬಾಯಲ್ಲಿ ಇನ್ನೂ ಇದು ನಂಬರ್ 9. ಬೀದರದಿಂದ ಕಲಬುರಗಿಗೆ ಹೋಗುವ ಇನ್ನೊಂದು ಹೆದ್ದಾರಿ ಹುಮನಾಬಾದಿನಲ್ಲಿ ಇದನ್ನು ಕೂಡುತ್ತದೆ. ಧಾಬಾಗಳ ಮುಂದೆ ನಿಂತರೆ ಪಕ್ಕದವರ ಮಾತು ಕೇಳಿಸದಷ್ಟು ಸದ್ದು. ಅಲ್ಲಿಂದ ಎರಡು ಮೂರು ಕಿಲೋಮೀಟರ್ ಒಳಕ್ಕೆ ತಿರುಗಿದರೆ ತೊಗರಿ, ಜೋಳದ ಹೊಲಗಳ ನಡುವೆ ಕಿರಿದಾದ ಡಾಂಬರು ರಸ್ತೆ. ಎದುರಾಗುವುದು ಒಂದೊಂದು ಬೈಕು, ಮೇಕೆ ಹಿಂಡು, ಕಣಕಿ ಹೇರಿದ ಬಂಡಿ.

ಸೈಕಲ್ ಪ್ರವಾಸಿಗರು ಹುಡುಕಿಕೊಂಡು ಹೋಗುವುದು ಇಂಥ ರಸ್ತೆಗಳನ್ನೇ. ಇಲ್ಲಿ ಅವನ್ನು ಪ್ರವಾಸಕ್ಕೆಂದು ಯಾರೂ ಕಟ್ಟಿಸಲಿಲ್ಲ. ದೊಡ್ಡ ರಸ್ತೆ ದೂರದ ವಾಹನಗಳನ್ನೆಲ್ಲ ತನ್ನ ಕಡೆ ಎಳೆದುಕೊಂಡಿತು, ಸರ್ಕಾರ ಹಳ್ಳಿಗಳಿಗೆ ಡಾಂಬರು ಹಾಕಿಸಿತು. ಎರಡರ ನಡುವೆ ಸದ್ದಿಲ್ಲದ ದಾರಿಗಳು ತಾವಾಗಿಯೇ ಉಳಿದುಕೊಂಡವು. ಬೇರೆ ದೇಶಗಳು ದಶಕಗಟ್ಟಲೆ ಹೋರಾಡಿ, ಹಣ ಸುರಿದು ಪಡೆದದ್ದು ಬೀದರ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳಿಗೆ ಅರ್ಧಕ್ಕರ್ಧ ಅನಾಯಾಸವಾಗಿ ಸಿಕ್ಕಿದೆ.

ಸಾಹಸದಿಂದ ಸುತ್ತಾಟಕ್ಕೆ

ಸೈಕಲ್ಲಿನಲ್ಲಿ ಊರೂರು ತಿರುಗುವ ಗೀಳು ಸೈಕಲ್ಲಿನಷ್ಟೇ ಹಳೆಯದು. ಇಂಗ್ಲೆಂಡಿನ ಹ್ಯಾರೋಗೇಟ್‌ನಲ್ಲಿ 1878ರಲ್ಲೇ ಸೈಕಲ್ ಪ್ರವಾಸಿಗರ ಸಂಘ ಹುಟ್ಟಿತ್ತು. ಆಗಿನ್ನೂ ಮುಂದಿನ ಗಾಲಿ ದೊಡ್ಡದು, ಹಿಂದಿನದು ಪುಟ್ಟದು; ಬಿದ್ದರೆ ಮೂಳೆ ಮುರಿಯುವುದು ಖಚಿತ. ಅಂಥದ್ದೇ ಗಾಡಿಯಲ್ಲಿ ಲೋಕ ಸುತ್ತಲು ಹೊರಟ ಥಾಮಸ್ ಸ್ಟೀವನ್ಸ್ 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ತುಳಿದುಕೊಂಡು ಹೋದ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ ಬಂದು ಎರಡು ಗಾಲಿಗಳೂ ಹೆಚ್ಚುಕಡಿಮೆ ಸಮವಾದವು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರು ತಂದ. ಅಲ್ಲಿಂದ ಮುಂದೆ ಸೈಕಲ್ ಸಾಹಸಿಗಳ ಕೈಬಿಟ್ಟು ಸಾಮಾನ್ಯರ ಮನೆ ಸೇರಿತು.

ಫ್ರಾನ್ಸಿನ ಪಾಲ್ ದ ವಿವಿ 1887ರಲ್ಲಿ ಪತ್ರಿಕೆಯೊಂದನ್ನು ಆರಂಭಿಸಿ, ಓಟದ ಪಂದ್ಯಕ್ಕಿಂತ ನೋಡುತ್ತ ಹೋಗುವ ಸವಾರಿಯೇ ಮೇಲೆಂದು ಜೀವನವಿಡೀ ವಾದಿಸಿದ. ಆ ಮಾತಿಗೆ ಭಾರತದಲ್ಲಿ ಬಹುಬೇಗ ನಿದರ್ಶನ ಸಿಕ್ಕಿತು. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಅವಳ ಗಂಡ ವಿಲಿಯಂ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಭಾರತದ ಬಯಲುಸೀಮೆಗಳನ್ನು ಸೈಕಲ್ಲಿನಲ್ಲಿ ಸುತ್ತಿದರು. 1904ರಲ್ಲಿ ಹೊರಬಂದ ಅವರ ಪುಸ್ತಕ ಹದಿನಾಲ್ಕು ಸಾವಿರ ಮೈಲಿಯ ಲೆಕ್ಕವನ್ನು ಹೆಸರಿನಲ್ಲೇ ಹೊತ್ತಿದೆ. ಜೊತೆಗೆ ದೇವಾಲಯಗಳನ್ನೂ ಜನರನ್ನೂ. ಗುಡಿ ನೋಡಲು ಸೈಕಲ್ ತುಳಿಯುವುದು ಈ ದೇಶಕ್ಕೆ ಹೊಸತೇನಲ್ಲ.

1923ರ ಅಕ್ಟೋಬರ್ 15ರಂದು ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಜಗತ್ತು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಸೋಲಾ, ರುಸ್ತುಂ ಭೂಮ್‌ಗಾರಾ ಮಾತ್ರ ಪ್ರಯಾಣ ಪೂರೈಸಿ 1928ರಲ್ಲಿ ಊರಿಗೆ ಮರಳಿದರು. ಪತ್ರಿಕೆಗಳು ಸಂಭ್ರಮಿಸಿದ್ದು ಅವರು ಕ್ರಮಿಸಿದ ದೂರವನ್ನು. ದೂರದ ಈ ಮೋಹ ಭಾರತದ ಸೈಕಲ್ ಲೋಕವನ್ನು ಇಂದಿಗೂ ಬಿಟ್ಟಿಲ್ಲ.

ಬಾಡಿಗೆ ಸೈಕಲ್ಲಿನ ಕಾಲ

ಇಂದು ಬಸವಕಲ್ಯಾಣವಾಗಿರುವ ಕಲ್ಯಾಣ, ಹುಮನಾಬಾದ್ ಆಗ ಹೈದರಾಬಾದ್ ಸಂಸ್ಥಾನದ ಭಾಗ. ನಿಜಾಮರ ಸರ್ಕಾರ 1932ರಲ್ಲಿ 27 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ತೆರೆಯಿತು. ಅಷ್ಟು ಬಸ್ಸು ಇಡೀ ಸಂಸ್ಥಾನಕ್ಕೆ ಎಲ್ಲಿ ಸಾಲಬೇಕು? ಹಳ್ಳಿಗಳ ಓಡಾಟ ಕಾಲುನಡಿಗೆ, ಎತ್ತಿನ ಬಂಡಿಯಲ್ಲೇ ಸಾಗಿತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೇಶೀ ಸೈಕಲ್ ಕಾರ್ಖಾನೆಗಳು ಎದ್ದವು. ಮದರಾಸಿನ ಟಿಐ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೊ 1956ರಲ್ಲಿ. ಬೀದರ ಜಿಲ್ಲೆಯ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ 1956ರಲ್ಲಿ.

ಮುಂದಿನ ಮೂರು ನಾಲ್ಕು ದಶಕ ಈ ಸೀಮೆಯ ರಸ್ತೆಗಳನ್ನು ಆಳಿದ್ದು ಕಪ್ಪು ಬಣ್ಣದ ಗಟ್ಟಿ ಸೈಕಲ್. ಅಂಚೆಯಣ್ಣ, ಮೇಷ್ಟ್ರು, ಹಾಲು ಹಾಕುವವ, ಬಟ್ಟೆ ಗಂಟು ಹೊತ್ತು ಸಂತೆಗೆ ಹೋಗುವ ವ್ಯಾಪಾರಿ, ಎಲ್ಲರಿಗೂ ಅದೇ. ಬಸ್‌ಸ್ಟ್ಯಾಂಡಿನ ಬದಿಯ ಅಂಗಡಿಯಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಸಿಗುತ್ತಿತ್ತು. ಊರ ಬಯಲಿನಲ್ಲಿ ದಿನಗಟ್ಟಲೆ ಕೆಳಗಿಳಿಯದೆ ಸೈಕಲ್ ತುಳಿಯುವವನ ಆಟ ನೋಡಲು ಜನ ಸೇರುತ್ತಿದ್ದರು. ಜಾತ್ರೆಗೆ, ಬೀಗರ ಊರಿಗೆ, ದರ್ಗಾದ ಉರುಸಿಗೆ ಕ್ಯಾರಿಯರಿನಲ್ಲಿ ಒಬ್ಬರನ್ನು ಕೂರಿಸಿಕೊಂಡು ಹೋಗುವುದನ್ನು ಯಾರೂ ಪ್ರವಾಸ ಎಂದು ಕರೆಯಲಿಲ್ಲ. ಆದರೂ ಅದು ಪ್ರವಾಸವೇ.

ಮೋಟಾರ್ ಬೈಕು ಆ ಕಾಲವನ್ನು ಮುಗಿಸಿತು. ಸೈಕಲ್ ಮತ್ತೆ ಹಳ್ಳಿಗೆ ಬಂದದ್ದು ಶಾಲೆಯ ಮೂಲಕ: ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಪ್ರೌಢಶಾಲೆ ಇಲ್ಲದ ಹಳ್ಳಿಗಳ ಹುಡುಗಿಯರು ಪಕ್ಕದೂರಿಗೆ ಗುಂಪಾಗಿ ಸೈಕಲ್ ತುಳಿಯುವ ನೋಟ ಆಗ ಎಲ್ಲೆಡೆ ಸಾಮಾನ್ಯವಾಯಿತು. ಹಳ್ಳಿಯ ಮನೆಗಳಲ್ಲಿ ಸೈಕಲ್ ದುರಸ್ತಿಯ ಅರಿವು ಪೂರ್ತಿ ಅಳಿಯದೆ ಉಳಿಯಲು ಈ ಯೋಜನೆಯೂ ಒಂದು ಕಾರಣ.

ನಗರದವರ ಎರಡನೆಯ ಒಲವು

ಅದೇ ಹೊತ್ತಿಗೆ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳು ಗೇರ್ ಸೈಕಲ್ ಹತ್ತಿದ್ದರು. 2008ರ ಡಿಸೆಂಬರಿನಲ್ಲಿ ಮೊದಲ ‘ಟೂರ್ ಆಫ್ ನೀಲ್‌ಗಿರೀಸ್’ ನಡೆಯಿತು. ಕರ್ನಾಟಕ, ತಮಿಳುನಾಡು, ಕೇರಳದ ಕಾಡುಬೆಟ್ಟಗಳನ್ನು ಹಾಯುವ ದೀರ್ಘ ಸವಾರಿ ಅದು. ಅದರ ಹಿಂದೆಯೇ ಫ್ರೆಂಚ್ ಮೂಲದ ಬ್ರೆವೆ ಸವಾರಿಗಳು ಬಂದವು: 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಬಳಿಕ 300, 400, 600. ಓಟದ ಪಂದ್ಯದ ಕಡೆ ನೋಡಿದರೆ ವಿಜಯಪುರ, ಬಾಗಲಕೋಟೆ ಸೀಮೆಯ ರೈತಮಕ್ಕಳು ಅದಕ್ಕೂ ಮುಂಚಿನಿಂದಲೇ ರಾಜ್ಯಕ್ಕೆ ಪದಕ ತರುತ್ತಿದ್ದರು.

ಇವೆಲ್ಲ ಗಡಿಯಾರ ನೋಡಿಕೊಂಡು ಮಾಡುವ ಸವಾರಿ. ಬ್ರೆವೆ ಸವಾರ ನಸುಕಿನಲ್ಲಿ ಹೆದ್ದಾರಿ ಹಿಡಿದರೆ ಗುಡಿಯ ಮುಂದೆ ಇಳಿಯಲು ಅವನಿಗೆ ಪುರುಸೊತ್ತಿಲ್ಲ. ಇಳಿದು ನೋಡುವ ಸವಾರಿ ಕರ್ನಾಟಕದಲ್ಲಿ ಬೇರೂರಿದ್ದು ಹಂಪಿಯಲ್ಲಿ. ಅಲ್ಲಿ ಬಾಡಿಗೆ ಸೈಕಲ್ ಇಂದಿಗೂ ಬದುಕಿದೆ. ಸ್ಮಾರಕಗಳು ಒಂದಕ್ಕೊಂದು ನಡೆಯಲು ದೂರ, ಕಾರಿಗೆ ಹತ್ತಿರ. ಸೈಕಲ್ಲಿಗೆ ಹೇಳಿ ಮಾಡಿಸಿದ ಅಂತರ. ಮೈಸೂರಿನಲ್ಲಿ 2017ರ ಜೂನಿನಲ್ಲಿ ಶುರುವಾದ ‘ಟ್ರಿಣ್ ಟ್ರಿಣ್’ ಸೇವೆ ಇದೇ ಲೆಕ್ಕವನ್ನು ನಗರದೊಳಗೆ ಹಾಕಿತು: 450 ಸೈಕಲ್, 48 ನಿಲ್ದಾಣ.

ಹೊರದೇಶಗಳಲ್ಲಿ ವಾಹನವಿಲ್ಲದ ದಾರಿಗಾಗಿ ಜನ ಹಾರೆ ಹಿಡಿದರು. ಬ್ರಿಟನ್ನಿನ ಬ್ರಿಸ್ಟಲ್ ಮತ್ತು ಬಾತ್ ಊರುಗಳ ನಡುವೆ ಮುಚ್ಚಿಹೋದ ರೈಲುಹಳಿಯ ಜಾಗದಲ್ಲಿ ಸ್ವಯಂಸೇವಕರು 1979ರಿಂದ 1986ರವರೆಗೆ ಸೈಕಲ್ ದಾರಿ ಕಟ್ಟಿದರು. ಇನ್ನೊಂದು ಉಪಾಯ ಇದಕ್ಕಿಂತ ಅಗ್ಗ. ಬೆಲ್ಜಿಯಂನ ಲಿಂಬರ್ಗ್‌ನಲ್ಲಿ ಗಣಿ ಎಂಜಿನಿಯರ್ ಹ್ಯೂಗೊ ಬೋಲೆನ್ 1990ರ ದಶಕದಲ್ಲಿ ಇದ್ದ ಹಳ್ಳಿರಸ್ತೆಗಳನ್ನೇ ಆಯ್ದು, ಅವು ಕೂಡುವ ಕಡೆಗಳಲ್ಲೆಲ್ಲ ಒಂದೊಂದು ಅಂಕಿಯ ಫಲಕ ನೆಡಿಸಿದ. ಸವಾರರು ಅಂಕಿಗಳನ್ನು ಬರೆದುಕೊಂಡು ತಮಗೆ ಬೇಕಾದ ಸುತ್ತು ತಾವೇ ಹೆಣೆದುಕೊಳ್ಳಬಹುದು. ನೆದರ್ಲೆಂಡ್ಸ್ ಕೂಡ ಅದನ್ನು ತನ್ನದಾಗಿಸಿಕೊಂಡಿತು. ಬಸವಕಲ್ಯಾಣಕ್ಕೆ ಹೊಂದುವುದು ಈ ಎರಡನೆಯ ಮಾದರಿ.

ಕಲ್ಯಾಣದ ಸುತ್ತು

ಹೊಂದಲು ಮೊದಲ ಕಾರಣ ರಸ್ತೆಯ ಅಗಲ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಸಾಮಾನ್ಯ ಅಗಲ 3.75 ಮೀಟರ್. ಎದುರುಬದುರಾದ ಎರಡು ಗಾಡಿಗಳಲ್ಲಿ ಒಂದು ಪಕ್ಕದ ಮಣ್ಣಿಗೆ ಇಳಿಯಲೇಬೇಕು. ಹೀಗಾಗಿ ವೇಗ ತಂತಾನೇ ತಗ್ಗುತ್ತದೆ, ದೂರದೂರಿನ ಲಾರಿ ಈ ಕಡೆ ಮುಖ ಹಾಕುವುದಿಲ್ಲ.

ಎರಡನೆಯದು ಅಂತರ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರ ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯ ಅರ್ಧ ಶತಮಾನ ಆಳಿದ; ಬಿಲ್ಹಣ, ವಿಜ್ಞಾನೇಶ್ವರ ಅವನ ಕಾಲದವರು. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಆಡಳಿತ, ಬಸವಣ್ಣ ಮತ್ತು ಶರಣರು. ಹೀಗೆ ಒಂದೇ ಊರಿನ ಸುತ್ತ ಕೋಟೆ, ಗುಡಿ, ಗವಿ, ಕೆರೆಗಳು ಗುಂಪುಗೂಡಿವೆ. ಕೋಟೆ ಮತ್ತು ಅದರೊಳಗಿನ ವಸ್ತುಸಂಗ್ರಹಾಲಯ, ತ್ರಿಪುರಾಂತ ಕೆರೆ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಪರುಷಕಟ್ಟೆ, ರಾಜಾ ಬಾಗ್‌ಸವಾರ್ ದರ್ಗಾ, ಇಷ್ಟನ್ನೂ ಒಂದು ಬೆಳಗಿನ ಸವಾರಿಯಲ್ಲಿ ಮುಗಿಸಬಹುದು. ಶರಣರ ನೆಲೆಗಳ ಬಳಿ ನಿಂತರೆ ಅವರ ಕಾಯಕಗಳ ಹೆಸರೇ ದಾರಿ ತೋರಿಸುತ್ತದೆ: ಹಗ್ಗ ಹೊಸೆದವರು, ಬಟ್ಟೆ ಮಡಿ ಮಾಡಿದವರು.

ಪಟ್ಟಣದ ಹೊರಗೆ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. ಹೊರಗೋಡೆಯ ಶಿಲ್ಪಗಳಿಗಾಗಿಯೇ ಹೋಗಬೇಕು. ಉಮಾಪುರದ ಮಹಾದೇವ ಗುಡಿಯೂ ಅದೇ ಕಾಲದ್ದು. ಹುಮನಾಬಾದ್ ಬದಿಯ ಜಲಸಂಗಿಯಲ್ಲಿ ಗುಡಿಯ ಗೋಡೆ ತುಂಬ ಮದನಿಕೆಯರು. ಅವರಲ್ಲೊಬ್ಬಳು ವಿಕ್ರಮಾದಿತ್ಯನ ಹೊಗಳಿಕೆಯ ಶಾಸನವನ್ನು ಬರೆಯುತ್ತಿರುವ ಭಂಗಿಯಲ್ಲಿ ನಿಂತಿದ್ದಾಳೆ. ಬೇಲೂರಿಗೆ ನೂರು ಜನ ಹೋದರೆ ಇಲ್ಲಿಗೆ ಬರುವುದು ಬೆರಳೆಣಿಕೆಯವರು.

ಇನ್ನೊಂದು ದಾರಿಯನ್ನು ಮಾಣಿಕಪ್ರಭುಗಳ ಬದುಕೇ ಹಾಕಿಕೊಟ್ಟಿದೆ. 1817ರಲ್ಲಿ ಅವರು ಹುಟ್ಟಿದ್ದು ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ. 1865ರಲ್ಲಿ ಸಮಾಧಿಯಾದದ್ದು ಹುಮನಾಬಾದಿಗೆ ಅಂಟಿಕೊಂಡ ಮಾಣಿಕನಗರದಲ್ಲಿ. ಕನ್ನಡ, ಮರಾಠಿ, ಉರ್ದು ಮೂರನ್ನೂ ಬಲ್ಲ ಗಡಿಸೀಮೆಯ ಬದುಕು ಈ ದಾರಿಯ ಹಳ್ಳಿಗಳಲ್ಲಿ ಇಂದಿಗೂ ಕಿವಿಗೆ ಬೀಳುತ್ತದೆ. ಬೆಳಗ್ಗೆ ಹೊರಟರೆ ಊಟದ ಹೊತ್ತಿಗೆ ಈ ಹಾದಿ ಮುಗಿಯುತ್ತದೆ.

ಮಣ್ಣಿನ ಮಾತನ್ನು ಮರೆಯುವಂತಿಲ್ಲ. ಹುಮನಾಬಾದ್ ಕಡೆ ಜಂಬಿಟ್ಟಿಗೆಯ ಕೆಂಪು ನೆಲ, ಮಳೆ ನಿಂತ ಮೇಲೆ ಬೇಗ ಒಣಗುತ್ತದೆ. ತಗ್ಗಿನ ಎರೆಹೊಲಗಳಲ್ಲಿ ಮಳೆ ಬಂದರೆ ಗಾಲಿಗೆ ಮೆತ್ತಿದ ಮಣ್ಣು ಬ್ರೇಕಿನವರೆಗೆ ತುಂಬಿ ಸೈಕಲ್ ಹೊತ್ತುಕೊಂಡೇ ನಡೆಯಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಹೊರಡುವ ಮಾತೇ ಇಲ್ಲ. ಉಳಿದದ್ದು ಅಕ್ಟೋಬರಿನಿಂದ ಫೆಬ್ರವರಿ. ಡಿಸೆಂಬರಿನ ಬೆಳಗುಗಳಲ್ಲಿ ಬೀದರ ಸೀಮೆಯ ಚಳಿ ರಾಜ್ಯದಲ್ಲೇ ಹೆಸರುವಾಸಿ.

ತೊಡಕು ಇರುವುದೂ ಅಲ್ಲೇ. ಅದೇ ತಿಂಗಳುಗಳಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುತ್ತವೆ. ಎರಡೆರಡು ಟ್ರೈಲರ್ ಕಟ್ಟಿದ ಟ್ರ್ಯಾಕ್ಟರುಗಳು ಒಳದಾರಿಗಳಲ್ಲೇ ಸಾಗುತ್ತವೆ. ಅವುಗಳ ವೇಗ ಕಡಿಮೆ, ಆದರೆ ರಸ್ತೆ ಪೂರ್ತಿ ಅವುಗಳದ್ದೇ. ರಾಶಿಯ ಕಾಲದಲ್ಲಿ ರೈತರು ಡಾಂಬರನ್ನೇ ಕಣ ಮಾಡಿಕೊಂಡು ಕಾಳು ಹರವುತ್ತಾರೆ. ಬದುವಿನ ಜಾಲಿಮುಳ್ಳು ತೆಳುವಾದ ರೇಸಿಂಗ್ ಟೈರನ್ನು ಉಳಿಸುವುದಿಲ್ಲ. ಎಳ್ಳಮಾವಾಸ್ಯೆಯ ದಿನವಂತೂ ಊರೆಲ್ಲ ಭಜ್ಜಿ, ಅಂಬಲಿ ಹೊತ್ತು ಹೊಲಕ್ಕೆ ಹೊರಡುತ್ತದೆ. ಆ ದಿನ ದಾರಿ ತುಂಬಿದರೂ ಸವಾರರು ಹಸಿದು ಮರಳುವುದಿಲ್ಲ.

ಇರುವುದು, ಇಲ್ಲದ್ದು

2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ–ಕಲಬುರಗಿ ರೈಲುಮಾರ್ಗ ಹುಮನಾಬಾದನ್ನು ಹಳಿಗೆ ಕೂಡಿಸಿತು. ದೊಡ್ಡ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ ಬುಕ್ ಮಾಡಿ ಬೀದರಕ್ಕೊ ಕಲಬುರಗಿಗೊ ತಲುಪಿಸಿಕೊಂಡರೆ ಅಲ್ಲಿಂದ ಸವಾರಿ ಹೊರಡಬಹುದು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಗಳಿಂದ ಹಳ್ಳಿದಾರಿಗಳೂ ಫೋನಿಗೆ ಬಂದಿವೆ. ಶರಣರ ಸ್ಮಾರಕಗಳನ್ನು ನೋಡಿಕೊಳ್ಳಲು ಬಸವಕಲ್ಯಾಣ ಅಭಿವೃದ್ಧಿ ಮಂಡಳಿಯಿದೆ. ಕಡಿಮೆ ಬಿದ್ದಿರುವುದು ದಾರಿ ಹೇಳುವ ಫಲಕ, ಗೇರ್ ಸೈಕಲ್ಲಿನ ಬಿಡಿಭಾಗ, ಹಳ್ಳಿಯಲ್ಲಿ ರಾತ್ರಿ ತಂಗಲು ಒಂದು ಕೋಣೆ. ಬಿಡಿಭಾಗದ ಕೊರತೆಗೆ ಹಂಪಿಯ ದಾರಿಯೇ ಸುಲಭ: ಊರಿನ ಪಂಕ್ಚರ್ ಅಂಗಡಿಯವರೇ ತಿದ್ದಬಲ್ಲ ಗೇರಿಲ್ಲದ ಗಟ್ಟಿ ಸೈಕಲ್, ದಿನದ ಬಾಡಿಗೆಗೆ.

ಬಸವಕಲ್ಯಾಣದಲ್ಲಿ ಶರಣರ ನೆನಪಿನ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ಅದು ತೆರೆದ ಮೇಲೆ ಕಾರು, ಬಸ್ಸುಗಳು ಹೆಚ್ಚುವುದು ಖಂಡಿತ. ಆ ದಟ್ಟಣೆ ಒಳದಾರಿಗೆ ಹರಿಯದಂತೆ ಈಗಲೇ ದಾರಿ ಗುರುತಿಸಿಡುವುದು ಜಿಲ್ಲಾ ಪಂಚಾಯಿತಿಯ ಕೈಯಲ್ಲಿದೆ. ಅಂಕಿಯ ಮೊದಲ ಫಲಕಕ್ಕೆ ಬಂಗ್ಲಾ ಕ್ರಾಸೇ ತಕ್ಕ ಜಾಗ. ಅಲ್ಲಿಂದ ಪಟ್ಟಣಕ್ಕೆ ಹೋಗುವ ನೇರ ರಸ್ತೆಯಲ್ಲಿ ಬಸ್ಸು, ಟಂಟಂಗಳದ್ದೇ ಕಾರುಬಾರು. ಹಳ್ಳಿಗಳನ್ನು ಹಾಯ್ದು ಹೋಗುವ ಬಳಸುದಾರಿಯನ್ನು ಸವಾರರಿಗೆ ತೋರಿಸಬೇಕಾದದ್ದು ಅಲ್ಲಿಯೇ. ಎರಡನೆಯದು ನಾರಾಯಣಪುರದ ತಿರುವಿನಲ್ಲಿ, ಆಮೇಲೆ ಲಾಡವಂತಿ, ಮಾಣಿಕನಗರ, ಜಲಸಂಗಿ.