ಹಗ್ಗ ಗೆದ್ದುಕೊಟ್ಟ ಯುದ್ಧ

ನೌಕಾಯುದ್ಧ ಎಂದ ಕೂಡಲೇ ನಮಗೆ ನೆನಪಾಗುವುದು ಸಮುದ್ರ. ಆದರೆ ಪ್ರಿಯ ಓದುಗರೇ, 1812ರಲ್ಲಿ ಅಮೆರಿಕ ಮತ್ತು ಬ್ರಿಟನ್ ನಡುವೆ ಆರಂಭವಾದ ಯುದ್ಧದ ನಿರ್ಣಾಯಕ ಕದನವೊಂದು ನಡೆದದ್ದು ಸಿಹಿನೀರಿನ ಸರೋವರದಲ್ಲಿ.

ಚಾಂಪ್ಲೇನ್ ಸರೋವರವು ನ್ಯೂಯಾರ್ಕ್ ಮತ್ತು ವರ್ಮಾಂಟ್ ರಾಜ್ಯಗಳ ನಡುವೆ ಉದ್ದಕ್ಕೆ ಚಾಚಿಕೊಂಡು ಉತ್ತರದಲ್ಲಿ ಕೆನಡಾವನ್ನು ಮುಟ್ಟುತ್ತದೆ. ಕಾಡು ತುಂಬಿದ್ದ ಆ ನಾಡಿನಲ್ಲಿ ಸೈನ್ಯಕ್ಕೆ ದವಸಧಾನ್ಯ, ಮದ್ದುಗುಂಡು ತಲುಪಿಸಲು ನೀರೇ ಹೆದ್ದಾರಿ. 1814ರಲ್ಲಿ ಬ್ರಿಟಿಷ್ ಸೇನಾಪತಿ ಜಾರ್ಜ್ ಪ್ರೆವೋಸ್ಟ್ ಸುಮಾರು 10,000 ಸೈನಿಕರೊಂದಿಗೆ ಕೆನಡಾದಿಂದ ದಕ್ಷಿಣಕ್ಕೆ ಹೊರಟ. ಸರೋವರ ಕೈಗೆ ಬಾರದೆ ಅವನು ಮುಂದುವರಿಯುವಂತಿರಲಿಲ್ಲ.

ಅಮೆರಿಕದ ನೌಕಾಧಿಕಾರಿ ಥಾಮಸ್ ಮ್ಯಾಕ್‌ಡೊನೊಗೆ ಆಗ ಕೇವಲ 30 ವರ್ಷ. ಅವನಿಗಾಗಿ ಬ್ರೌನ್ ಸಹೋದರರು ಕಾಡಿನ ಮರ ಕಡಿದು 26 ಫಿರಂಗಿಗಳ 'ಸರಟೋಗ' ಹಡಗನ್ನು ಕಟ್ಟಿದರು; 'ಈಗಲ್' ಹಡಗನ್ನಂತೂ ಬರೀ 19 ದಿನಗಳಲ್ಲಿ ನೀರಿಗಿಳಿಸಿದರು. ಅದೇ ವೇಳೆ ವರ್ಮಾಂಟ್‌ನ ಕೆಲವರು ಲಾಭದಾಸೆಗೆ ಶತ್ರುವಿಗೇ ಮರ, ದನಗಳನ್ನು ಕದ್ದು ಮಾರುತ್ತಿದ್ದರು!

ಬ್ರಿಟಿಷರ 'ಕಾನ್ಫಿಯಾನ್ಸ್' ಆ ಸರೋವರದ ಅತಿ ದೊಡ್ಡ ಹಡಗು. ಅದರ ಉದ್ದನೆಯ ಫಿರಂಗಿಗಳು ದೂರದಿಂದಲೇ ಹೊಡೆಯಬಲ್ಲವು. ಸರಟೋಗದ ಹೆಚ್ಚಿನ ಫಿರಂಗಿಗಳು ಗಿಡ್ಡ. ಹತ್ತಿರ ಬಂದವರನ್ನಷ್ಟೇ ಹೊಡೆದಾವು. ಹಾಗಾದರೆ ಶತ್ರುವನ್ನು ಹತ್ತಿರ ಬರಿಸುವುದು ಹೇಗೆ? ಮ್ಯಾಕ್‌ಡೊನೊ ತೆರೆದ ನೀರಿಗೆ ಹೋಗಲೇ ಇಲ್ಲ. ಪ್ಲ್ಯಾಟ್ಸ್‌ಬರ್ಗ್ ಕೊಲ್ಲಿಯೊಳಗೆ ಹಡಗುಗಳನ್ನು ಸಾಲಾಗಿ ಲಂಗರು ಹಾಕಿ ನಿಲ್ಲಿಸಿದ. ಒಳಬರುವವರು ಭೂಶಿರ ಸುತ್ತಿ, ಗಾಳಿಗೆದುರಾಗಿ ಸಮೀಪಕ್ಕೇ ಬರಬೇಕಿತ್ತು. ಇನ್ನೊಂದು ಕೆಲಸವನ್ನೂ ಮಾಡಿಟ್ಟ: ಸರಟೋಗದ ಅಕ್ಕಪಕ್ಕ ಹೆಚ್ಚುವರಿ ಲಂಗರುಗಳನ್ನಿಳಿಸಿ ಅವುಗಳ ಹಗ್ಗಗಳನ್ನು ಹಡಗಿಗೆ ಕಟ್ಟಿಸಿದ. ಹಗ್ಗ ಎಳೆದರೆ ನಿಂತಲ್ಲೇ ಹಡಗು ತಿರುಗಬೇಕು.

ಸೆಪ್ಟೆಂಬರ್ 11ರ ಬೆಳಿಗ್ಗೆ ಕಾನ್ಫಿಯಾನ್ಸ್ ಬಂದಾಗ ಅದರಲ್ಲಿ ಬಡಗಿಗಳ ಕೆಲಸವೇ ಮುಗಿದಿರಲಿಲ್ಲ. ಪ್ರೆವೋಸ್ಟನ ಅವಸರ ಅಷ್ಟಿತ್ತು. ಕಾಳಗ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಗುಂಡಿನ ಹೊಡೆತಕ್ಕೆ ಕಿತ್ತುಬಂದ ಫಿರಂಗಿಯೊಂದು ಬ್ರಿಟಿಷ್ ಕ್ಯಾಪ್ಟನ್ ಜಾರ್ಜ್ ಡೌನಿಯ ಮೇಲೆ ಬಿದ್ದು ಅವನು ಸತ್ತ. ಮ್ಯಾಕ್‌ಡೊನೊ ಕೂಡ ಎರಡು ಬಾರಿ ಪ್ರಜ್ಞೆ ತಪ್ಪಿ ಬಿದ್ದು ಎದ್ದ. ಕೊನೆಗೆ ಸರಟೋಗದ ಒಂದು ಮಗ್ಗುಲಿನ ಫಿರಂಗಿಗಳೆಲ್ಲ ಮೌನವಾದವು. ಆಗ ನಾವಿಕರು ಹಗ್ಗ ಎಳೆದರು. ಹಡಗು ನಿಧಾನವಾಗಿ ತಿರುಗಿ, ಅದುವರೆಗೆ ಮುಟ್ಟದಿದ್ದ ಇನ್ನೊಂದು ಮಗ್ಗುಲಿನ ಫಿರಂಗಿಗಳು ಗರ್ಜಿಸಿದವು. ಕಾನ್ಫಿಯಾನ್ಸ್ ಕೂಡ ಹಾಗೆಯೇ ತಿರುಗಲು ಹೋಗಿ ಅರ್ಧದಲ್ಲೇ ಸಿಕ್ಕಿಕೊಂಡು ಶರಣಾಯಿತು.

ಸೋತ ಅಧಿಕಾರಿಗಳು ಬಂದು ಖಡ್ಗ ಒಪ್ಪಿಸಿದಾಗ ಮ್ಯಾಕ್‌ಡೊನೊ ಅವುಗಳನ್ನು ಮರಳಿಸಿದ. ಗಾಯಾಳುಗಳಿಗೆ ಎರಡೂ ಕಡೆಯವರೆಂಬ ಭೇದವಿಲ್ಲದೆ ಆರೈಕೆ ನಡೆಯಿತು. ನನಗೆ ಗೆಲುವಿಗಿಂತ ಇದೇ ದೊಡ್ಡದೆನಿಸುತ್ತದೆ.

ಪ್ರೆವೋಸ್ಟ್ ಸೈನ್ಯ ಸಮೇತ ಕೆನಡಾಕ್ಕೆ ಹಿಂತಿರುಗಿದ. ಗೆದ್ದ ನೆಲವನ್ನು ಉಳಿಸಿಕೊಳ್ಳುವ ಬ್ರಿಟನ್ನಿನ ಬೇಡಿಕೆ ಸಡಿಲಗೊಂಡು, ಡಿಸೆಂಬರ್ 24ರಂದು ಬೆಲ್ಜಿಯಂನ ಗೆಂಟ್ ನಗರದಲ್ಲಿ ಸಂಧಿಗೆ ಸಹಿ ಬಿತ್ತು. ಆ ಕದನದ ಹಡಗುಗಳಲ್ಲೊಂದಾದ 'ಟಿಕೊಂಡೆರೋಗ'ದ ಅಸ್ಥಿಪಂಜರವನ್ನು 1958ರಲ್ಲಿ ವೈಟ್‌ಹಾಲ್ ಎಂಬ ಊರಿನ ಬಳಿ ನೀರಿನಿಂದ ಮೇಲೆತ್ತಲಾಯಿತು.