ಹಾರ್ಲೆಮ್ ಕಲಿಸಿದ ಪಾಠ

ಸ್ತನ ಕ್ಯಾನ್ಸರ್ ಯಾರಿಗೆ ಬರುತ್ತದೆ ಎಂಬುದು ಒಂದು ಪ್ರಶ್ನೆ. ಬಂದವರಲ್ಲಿ ಯಾರು ಸಾಯುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ಈ ವ್ಯತ್ಯಾಸವನ್ನು ಮನಗಾಣಿಸಿದ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನ್ಯೂಯಾರ್ಕ್ ನಗರದ ಹಾರ್ಲೆಮ್‌ನಲ್ಲಿ. ಆಗ ಅಲ್ಲಿ ವಾಸಿಸುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ವರ್ಣೀಯರು. ಅವರಲ್ಲಿ ಅನೇಕರು ಬಡವರು.

1967ರಲ್ಲಿ ಹೆರಾಲ್ಡ್ ಫ್ರೀಮನ್ ಎಂಬ ಶಸ್ತ್ರವೈದ್ಯರು ಹಾರ್ಲೆಮ್ ಆಸ್ಪತ್ರೆಯನ್ನು ಸೇರಿದರು. ಹೆಸರಾಂತ ಕ್ಯಾನ್ಸರ್ ಕೇಂದ್ರವೊಂದರಲ್ಲಿ ತರಬೇತಿ ಪಡೆದಿದ್ದ ಅವರು, ಕ್ಯಾನ್ಸರನ್ನು ಕತ್ತರಿಸಿ ತೆಗೆದು ಜೀವ ಉಳಿಸಬಹುದೆಂದು ನಂಬಿ ಬಂದಿದ್ದರು. ಆದರೆ ಅಲ್ಲಿಗೆ ಬರುತ್ತಿದ್ದ ಅನೇಕ ಮಹಿಳೆಯರಲ್ಲಿ ರೋಗ ಶಸ್ತ್ರದ ಕೈಮೀರಿ ಬೆಳೆದಿರುತ್ತಿತ್ತು. 1964ರಿಂದ 1986ರವರೆಗೆ ಅಲ್ಲಿ ಚಿಕಿತ್ಸೆ ಪಡೆದ 606 ಸ್ತನ ಕ್ಯಾನ್ಸರ್ ರೋಗಿಗಳ ದಾಖಲೆಗಳನ್ನು ಅವರು ಪರಿಶೀಲಿಸಿದರು. ಮೊದಲ ಹಂತದಲ್ಲೇ ಬಂದವರು ಕೇವಲ ಶೇಕಡ 6. ಮೂರು ಮತ್ತು ನಾಲ್ಕನೆಯ ಹಂತದಲ್ಲಿ ಬಂದವರು ಶೇಕಡ 49. ಐದು ವರ್ಷ ಬದುಕುಳಿದವರು ಶೇಕಡ 39 ಮಾತ್ರ.

ಇದಕ್ಕೆ ಜನಾಂಗವೇ ಕಾರಣವೇ? ಬಡತನವೇ? 1989ರಲ್ಲಿ ಫ್ರೀಮನ್ ಅವರು ಅಧ್ಯಕ್ಷರಾಗಿದ್ದ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯು ದೇಶದ ಹಲವು ನಗರಗಳಲ್ಲಿ ಬಡ ರೋಗಿಗಳ ಅಹವಾಲುಗಳನ್ನು ಆಲಿಸಿ ವರದಿ ಪ್ರಕಟಿಸಿತು. ವಿಮೆ ಇಲ್ಲದಿರುವುದು, ಚಿಕಿತ್ಸೆಯ ವೆಚ್ಚ, ಮಾಹಿತಿಯ ಕೊರತೆ, 'ಹೇಗಿದ್ದರೂ ಉಳಿಯುವುದಿಲ್ಲ' ಎಂಬ ಹತಾಶೆ, ಇವು ಬಿಳಿಯ ಬಡವರನ್ನೂ ಬಿಟ್ಟಿರಲಿಲ್ಲ.

ಪರಿಹಾರ ಸರಳವಾಗಿತ್ತು. ಹಾರ್ಲೆಮ್‌ನಲ್ಲಿ 1979ರಿಂದಲೇ ಉಚಿತ ಅಥವಾ ಅಗ್ಗದ ಸ್ತನ ತಪಾಸಣೆ ಆರಂಭವಾಗಿತ್ತು. ಆದರೆ ತಪಾಸಣೆಯಲ್ಲಿ ಸಂದೇಹ ಕಂಡುಬಂದರೂ ಮುಂದಿನ ಪರೀಕ್ಷೆಗೆ ಬಾರದವರಿದ್ದರು. ಅದಕ್ಕಾಗಿ 1990ರಲ್ಲಿ ಫ್ರೀಮನ್ 'ರೋಗಿ ಮಾರ್ಗದರ್ಶಿ'ಗಳನ್ನು ನೇಮಿಸಿದರು. ಅರ್ಜಿ ತುಂಬಿಸುವುದು, ವೈದ್ಯರ ಭೇಟಿಗೆ ದಿನ ಗೊತ್ತುಮಾಡುವುದು, ಭಯ ಹೋಗಲಾಡಿಸುವುದು ಇವರ ಕೆಲಸ. 1995ರಿಂದ 2000ದವರೆಗಿನ 325 ರೋಗಿಗಳಲ್ಲಿ ಕೊನೆಯ ಎರಡು ಹಂತಗಳಲ್ಲಿ ಬಂದವರ ಪಾಲು ಶೇಕಡ 21ಕ್ಕೆ ಇಳಿಯಿತು. ಐದು ವರ್ಷ ಬದುಕುಳಿದವರ ಪಾಲು ಶೇಕಡ 70ಕ್ಕೆ ಏರಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ಎಚ್ಚರಿಕೆಯನ್ನು ಗಮನಿಸಬೇಕು. ಬದುಕುಳಿಯುವ ಅವಧಿಯನ್ನು ಎಣಿಸುವುದು ರೋಗ ಪತ್ತೆಯಾದ ದಿನದಿಂದ. ಪತ್ತೆ ಬೇಗನೆ ಆದರೆ, ಆಯುಷ್ಯ ಹೆಚ್ಚದಿದ್ದರೂ ಈ ಅವಧಿ ಹೆಚ್ಚಿದಂತೆ ಕಾಣುತ್ತದೆ. ಹೊಸ ಔಷಧಿಗಳ ಪಾಲೂ ಇದರಲ್ಲಿದೆ. ಆದುದರಿಂದ ಏರಿಕೆಯ ಪೂರ್ಣ ಶ್ರೇಯಸ್ಸನ್ನು ಮಾರ್ಗದರ್ಶಿಗಳಿಗೇ ಕೊಡುವಂತಿಲ್ಲ. ಹೆಚ್ಚು ನಂಬಲರ್ಹವಾದ ಅಳತೆ, ಇಡೀ ಜನಸಂಖ್ಯೆಯಲ್ಲಿ ಲಕ್ಷಕ್ಕೆ ಎಷ್ಟು ಮಂದಿ ಸತ್ತರೆಂಬ ಮರಣ ಪ್ರಮಾಣ.

ಆ ಅಳತೆಯೂ ಸ್ವಾರಸ್ಯಕರ. ಅಮೆರಿಕದಲ್ಲಿ 1980ರ ದಶಕದ ಆರಂಭದವರೆಗೆ ಕಪ್ಪು ಮತ್ತು ಬಿಳಿಯ ಮಹಿಳೆಯರ ಸ್ತನ ಕ್ಯಾನ್ಸರ್ ಮರಣ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಮ್ಯಾಮೊಗ್ರಫಿ ಮತ್ತು ಟಮಾಕ್ಸಿಫೆನ್ ಔಷಧಿ ಬಳಕೆಗೆ ಬಂದ ಮೇಲೆ ಬಿರುಕು ಬಿಟ್ಟಿತು. 2022ರ ವರದಿಯ ಪ್ರಕಾರ, ರೋಗ ಬರುವ ಪ್ರಮಾಣ ಕಪ್ಪು ಮಹಿಳೆಯರಲ್ಲಿ ತುಸು ಕಡಿಮೆ. ಆದರೆ ಸಾವು ಶೇಕಡ 40ರಷ್ಟು ಹೆಚ್ಚು. ಟಮಾಕ್ಸಿಫೆನ್‌ಗೆ ಬಗ್ಗದ ಉಗ್ರ ಬಗೆಯ ಕ್ಯಾನ್ಸರ್ ಅವರಲ್ಲಿ ಹೆಚ್ಚೆಂಬುದು ನಿಜ. ಆದರೆ ಒಂದು ಜನಸಮುದಾಯದ ಜೀನ್‌ಗಳು ಕೆಲವೇ ದಶಕಗಳಲ್ಲಿ ಬದಲಾಗುವುದಿಲ್ಲ. ಬದಲಾದದ್ದು ಚಿಕಿತ್ಸೆ, ಅದು ಎಲ್ಲರಿಗೂ ಸಮನಾಗಿ ತಲುಪಲಿಲ್ಲ.

ಹಳ್ಳಿಗಳ ಕಥೆಯೂ ಇಂಥದೇ. 2017ರ ಅಮೆರಿಕ ಸರ್ಕಾರದ ವರದಿಯಂತೆ, ಕ್ಯಾನ್ಸರ್ ಬರುವ ಪ್ರಮಾಣ ಗ್ರಾಮಾಂತರದಲ್ಲಿ ಮಹಾನಗರಗಳಿಗಿಂತ ಕಡಿಮೆ. ಮರಣ ಮಾತ್ರ ಲಕ್ಷಕ್ಕೆ ಗ್ರಾಮಾಂತರದಲ್ಲಿ 180, ಮಹಾನಗರಗಳಲ್ಲಿ 158. ಭಾರತದಲ್ಲಿ, 2012ರಲ್ಲಿ ಪ್ರಕಟವಾದ ವಿಸ್ತೃತ ಅಧ್ಯಯನವೊಂದು ಹಳ್ಳಿ-ಪಟ್ಟಣಗಳ ಕ್ಯಾನ್ಸರ್ ಮರಣ ಪ್ರಮಾಣದಲ್ಲಿ ಹೆಚ್ಚಿನ ಅಂತರ ಕಾಣಲಿಲ್ಲ. ಆದರೆ ಅತಿ ಕಡಿಮೆ ಓದಿದವರಲ್ಲಿ ಅದು ಅತಿ ಹೆಚ್ಚು ಓದಿದವರ ಎರಡು ಪಟ್ಟಿಗೂ ಮಿಗಿಲಾಗಿತ್ತು.

ಜೀವಕೋಶದ ವಿಭಜನೆ ಎಲ್ಲೆ ಮೀರಿದಾಗ ಕ್ಯಾನ್ಸರ್ ಹುಟ್ಟುತ್ತದೆ ಎಂದು ತರಗತಿಯಲ್ಲಿ ಹೇಳುತ್ತೇವೆ. ಅದು ಗುಣವಾಗುವುದೋ ಇಲ್ಲವೋ ಎಂಬುದು ಆಸ್ಪತ್ರೆಯ ದೂರ, ಒಂದು ದಿನದ ಕೂಲಿ, ಶಾಲೆಯ ಮೆಟ್ಟಿಲು ಇವುಗಳನ್ನೂ ಅವಲಂಬಿಸಿದೆ ಎಂಬುದನ್ನು ಅದರ ಜೊತೆಗೇ ಹೇಳಬೇಕಾಗಿದೆ.